ಮಸೀದಿ ಮುಂದೆ ಹಿಡಿದ ತಂಬಿಗೆ

ಇವತ್ತು ಸಂಜೆ ನೀರು ತುಂಬಿದ ತಂಬಿಗೆ ಹಿಡಿದು, ಪುಣೆಯ ನಮ್ಮ ಬಡಾವಣೆಯ ಮಸೀದಿಯ ಗೇಟಿನ ಹೊರಗೆ ನಿಂತಿದ್ದೆ. ಹಾಸಿಗೆ ಹಿಡಿದಿರುವ ಅವ್ವ ಕೇಳಿದ್ದು ಅದೊಂದೇ. ಯಾರದೋ ಅತ್ತರಿನ ವಾಸನೆ ಬಂದಿದ್ದೇ ತಡ, ಮತ್ತೆ ಅವ್ವನ ಸೆರಗು ಹಿಡಿದು ನಿಂತ ಹುಡುಗಿಯಾದೆ.

ಆಗ ಇದು ತಗಡಿನ ಶೆಡ್ಡು. ಧಾರವಾಡದಿಂದ ಬಂದ ಅವ್ವನಿಗೆ ಮರಾಠಿ ಬರುತ್ತಿರಲಿಲ್ಲ. ತಮ್ಮನಿಗೆ ಜ್ವರ ಬಂದರೆ ಔಷಧ ಕುಡಿಸಿ, ಅವನನ್ನು ಎತ್ತಿಕೊಂಡು, ತಂಬಿಗೆ ಹಿಡಿದು ಇಲ್ಲಿ ನಿಲ್ಲುತ್ತಿದ್ದಳು. ಊರಲ್ಲಿ ಅಜ್ಜಿಯೂ ಹಾಗೇ ಮಾಡುತ್ತಿದ್ದಳಂತೆ. ಅವ್ವ ಬಾಯಿಬಿಟ್ಟು ಏನೂ ಕೇಳುತ್ತಿರಲಿಲ್ಲ. ನಮಾಜು ಮುಗಿಸಿ ಬಂದವರು ತಂಬಿಗೆ ಕಂಡರೆ ಸಾಕು, ಒಬ್ಬೊಬ್ಬರಾಗಿ ಬಾಗಿ, ಏನೋ ಪಠಿಸಿ, ನೀರಿಗೂ ತಮ್ಮನ ಹಣೆಗೂ ಮೆಲ್ಲಗೆ ಊದಿ ಹೋಗುತ್ತಿದ್ದರು. ಕೊನೆಗೆ ವಿಜಾಪುರದ ಕಡೆಯ ಟೇಲರ್ ಚಾಚಾ ಊದಿ, "ನಾಳಿಗೆ ಆರಾಮಾಗ್ತದ ತಗೋರಿ, ಅಂಜಬ್ಯಾಡ್ರಿ" ಎನ್ನುತ್ತಿದ್ದರು. ಆ ಕನ್ನಡಕ್ಕೇ ಅವ್ವನ ಅರ್ಧ ಭಯ ಇಳಿಯುತ್ತಿತ್ತು.

ಈಗ ಶೆಡ್ಡಿನ ಜಾಗದಲ್ಲಿ ದೊಡ್ಡ ಕಟ್ಟಡ. ಕೆಳಗೆ ದವಾಖಾನೆ, ಸಭಾಭವನ. ಚಾಚಾ ತೀರಿಕೊಂಡು ವರ್ಷಗಳಾದವು. ಇವತ್ತಿನ ನಮಾಜು ಮುಗಿಯಿತು. ಬಂದವರೆಲ್ಲ ನನಗೆ ದಾರಿ ಬಿಟ್ಟು ಸರಿದು ಹೋದರು. ಒಬ್ಬ ಹುಡುಗ ಮಾತ್ರ ಹತ್ತಿರ ಬಂದು ಮರಾಠಿಯಲ್ಲಿ, "ಅಕ್ಕಾ, ಕುಡಿಯುವ ನೀರಿನ ನಳ ಆ ಕಡೆ ಇದೆ" ಎಂದು ವಿನಯದಿಂದ ತೋರಿಸಿದ. ಬಾಯಿಬಿಟ್ಟು ಕೇಳುವುದು ಹೇಗೆಂದು ನಾನು ಕಲಿತೇ ಇರಲಿಲ್ಲ.

ಮನೆಗೆ ಬಂದಾಗ ಅವ್ವ, "ಎಲ್ಲಾರೂ ಊದಿದ್ರೇನವಾ?" ಎಂದಳು.

"ಹೂಂ ಅವ್ವಾ."

"ಚಾಚಾನೂ ಇದ್ರೇನು?"

"ಇದ್ರವ್ವಾ."

ತಂಬಿಗೆಯನ್ನು ಕಣ್ಣಿಗೊತ್ತಿಕೊಂಡು ಕುಡಿದು, ನನ್ನ ಕೈ ಹಿಡಿದಳು. "ನಾಳಿಗೆ ಆರಾಮಾಗ್ತದ ತಗೋ, ಅಂಜಬ್ಯಾಡ."