ತಪ್ಪು ಜಾಗದಲ್ಲಿ ನಿಂತ ಗಾಡಿ

ಓರ್ಲಾ ಕೀನನ್ ಜೀವಮಾನದಲ್ಲಿ ಒಂದೇ ಒಂದು ಟ್ರೌಟ್ ಮೀನು ಹಿಡಿದವಳಲ್ಲ. ಮೀನಿನ ವಾಸನೆಯೇ ಅವಳಿಗೆ ಆಗದು. ಆದರೂ ಮೊಂಟಾನಾದ ನಮ್ಮ ಕಣಿವೆಯಲ್ಲಿ ಅವಳಿಲ್ಲದೆ ಮೀನು ಹಿಡಿಯುವ ಕೆಲಸ ನಡೆಯುವುದಿಲ್ಲ. ದೋಣಿಯವರು ಬೆಳಗ್ಗೆ ನದಿಯ ಮೇಲಿನ ಕಡವಿನಲ್ಲಿ ಮೀನು ಹಿಡಿಯಲು ಬಂದ ಗಿರಾಕಿಗಳನ್ನು ಕೂರಿಸಿಕೊಂಡು, ಗಾಡಿಯ ಕೀಲಿಯನ್ನು ಮುಂದಿನ ಎಡ ಚಕ್ರದ ಮೇಲಿಟ್ಟು ಹೊರಟುಬಿಡುತ್ತಾರೆ. ಸಂಜೆ ಅವರು ದಡ ಹತ್ತುವುದು ಹದಿನಾಲ್ಕು ಮೈಲಿ ಕೆಳಗೆ. ಅಲ್ಲಿಗೆ ಆ ಗಾಡಿಯನ್ನು ಟ್ರೇಲರ್ ಸಮೇತ ತಂದು ನಿಲ್ಲಿಸುವವಳು ಓರ್ಲಾ. ಹಿಂದಿನಿಂದ ನನ್ನ ಮುರುಕು ಕಾರಿನಲ್ಲಿ ಹೋಗಿ ಅವಳನ್ನು ವಾಪಸು ಕರೆತರುವವಳು ನಾನು.

ಹತ್ತೊಂಬತ್ತು ವರ್ಷದಲ್ಲಿ ಅವಳು ತಪ್ಪಿದ್ದು ಒಂದೇ ಸಲ. ಐದು ವರ್ಷದ ಹಿಂದೆ ವರ್ನನ ಗಾಡಿಯನ್ನು ಬೇರೆ ಯಾವುದೋ ಕಡವಿನಲ್ಲಿ ಬಿಟ್ಟಳು. ವರ್ನ್ ಅವಳ ಒಡಹುಟ್ಟಿದ ತಮ್ಮ; ತಾಯಿ ಸತ್ತ ಮೇಲೆ ಇವಳೇ ಎತ್ತಿ ಆಡಿಸಿ ಬೆಳೆಸಿದವನು. ಅವತ್ತು ಆಲಿಕಲ್ಲು ಮಳೆಯಲ್ಲಿ ಅವನೂ ಅವನ ಗಿರಾಕಿಗಳೂ ಮೂರು ಗಂಟೆ ಗಡಗಡ ನಡುಗುತ್ತ ನಿಂತಿದ್ದರು. ಗಿರಾಕಿಗಳು ಮರೆತರು, ವರ್ನ್ ಮರೆಯಲಿಲ್ಲ. ಅಂದಿನಿಂದ ಪ್ರತಿ ಬೆಳಗ್ಗೆ ಎಲ್ಲರ ಮುಂದೆ ಅದೇ ಹಾಡು.

"ಅಕ್ಕಾ, ಇವತ್ತು ನನ್ನ ಗಾಡಿ ಯಾವ ಊರಲ್ಲಿ ಸಿಗತ್ತೆ? ಈಗ್ಲೇ ಹೇಳ್ಬಿಡು, ಕಂಬಳಿ ಹೊದ್ಕೊಂಡು ಹೋಗ್ತೀನಿ."

ಸುತ್ತ ನಿಂತವರು ಹಲ್ಲು ಕಿಸಿಯುತ್ತಿದ್ದರು. "ಹೋಗೋ, ಹೋಗೋ," ಎಂದು ಓರ್ಲಾಳೂ ನಗುತ್ತಿದ್ದಳು. ವಾಪಸು ಬರುವಾಗ ಕಾರಿನಲ್ಲಿ ಮಾತ್ರ ಹದಿನಾಲ್ಕು ಮೈಲಿಯೂ ತುಟಿ ಬಿಚ್ಚುತ್ತಿರಲಿಲ್ಲ. ನನಗೋ ಮೈಯೆಲ್ಲ ಉರಿಯುತ್ತಿತ್ತು. ಒಂದು ತಪ್ಪನ್ನು ಐದು ವರ್ಷ ಅಗಿಯುವ ಗಂಡಸಿಗೆ ಏನು ಹೇಳುವುದು?

ಅವತ್ತು ಜೂನ್ ಎರಡನೇ ವಾರ. ಬೆಟ್ಟದ ಹಿಮ ಕರಗಿ ನದಿ ರಾಡಿಯೆದ್ದು ದಡ ಮುಟ್ಟಿ ಹರಿಯುತ್ತಿತ್ತು. ಬುದ್ಧಿಯಿದ್ದವರು ಮನೆಯಲ್ಲಿರಬೇಕು. ಆದರೆ ಬೆರಳುದ್ದದ, ಕಿತ್ತಳೆ ಹೊಟ್ಟೆಯ ಹುಳುಗಳು ನೀರಿನಿಂದೆದ್ದು ದಡದ ಪೊದೆಗಳಿಗೆ ಮುತ್ತುವುದೂ ಹಾಳಾದ ಅದೇ ವಾರ. ಅವು ಉದುರಿದಲ್ಲಿಗೆ ಟ್ರೌಟ್ ಮೀನುಗಳು ಹುಚ್ಚೆದ್ದು ಬರುತ್ತವೆ. ಪುಕ್ಕದಲ್ಲಿ ಅದೇ ಹುಳುವಿನಂತೆ ಕಟ್ಟಿದ ಗಾಳ ಬೀಸಲು ಗಿರಾಕಿಗಳೂ ಹುಚ್ಚೆದ್ದು ಬರುತ್ತಾರೆ. ದಾರಿಯಲ್ಲಿ ಒಂದು ತಗ್ಗು ಸೇತುವೆಯಿದೆ; ದೋಣಿಗಳು ಅದರಡಿಯೇ ನುಸುಳಿ ಹೋಗಬೇಕು. ವರ್ನ್ ಬೆಳಗ್ಗೆ ಏಳಕ್ಕೇ ಹೋಗಿ ನೋಡಿ ಬಂದಿದ್ದ. ನೀರಿಗೂ ತೊಲೆಗೂ ನಡುವೆ ಒಂದಾಳು ಅಂತರವಿತ್ತಂತೆ. ಗಂಡ ಹೆಂಡತಿ ಇಬ್ಬರು ಗಿರಾಕಿಗಳನ್ನು ಕೂರಿಸಿಕೊಂಡು, ಕಂಬಳಿಯ ಮಾತು ಆಡಿಯೇ ಹೊರಟ.

ಹನ್ನೊಂದೂವರೆಗೆ ನಾವು ಅದೇ ಸೇತುವೆ ದಾಟುತ್ತಿದ್ದೆವು. ಮುಂದೆ ವರ್ನನ ಅರಿಶಿನ ಬಣ್ಣದ ಗಾಡಿಯಲ್ಲಿ ಓರ್ಲಾ, ಹಿಂದೆ ನಾನು. ಅವಳು ನಡುವೆ ಗಕ್ಕನೆ ನಿಲ್ಲಿಸಿ ಇಳಿದಳು. ನಾನೂ ಓಡಿದೆ. ಬಗ್ಗಿ ನೋಡಿದರೆ ನೀರಿಗೂ ತೊಲೆಗೂ ಒಂದು ಮೊಳವೂ ಇರಲಿಲ್ಲ! ಬೆಟ್ಟದಲ್ಲಿ ಹಿಮದ ಮೇಲೆ ಮಳೆ ಬಿದ್ದಿರಬೇಕು. ಆ ನೀರು ಈಗ ಬಂದು ಮುಟ್ಟಿತ್ತು.

"ಟೆಸ್, ಅವ್ನು ಇದರಡೀಲೇ ಬರ್ಬೇಕು ಕಣೆ," ಎಂದಳು ಓರ್ಲಾ.

ಮೇಲಿನ ತಿರುವು ದಾಟುವ ತನಕ ದೋಣಿಯವರಿಗೆ ಸೇತುವೆ ಕಾಣುವುದಿಲ್ಲ. ಕಂಡ ಮೇಲೆ, ಈ ಸೆಳೆತದಲ್ಲಿ, ಎಂಥ ರಟ್ಟೆಯವನೂ ದಡ ಸೇರಲಾರ. ಕಣಿವೆಯಲ್ಲಿ ಫೋನು ಕೆಲಸಕ್ಕೆ ಬಾರದು.

"ತಿರುವಿನ ಹಿಂದೆ ನಿಂತು ಕೈ ಬೀಸೋಣ," ಎಂದೆ.

"ಹುಳ ಏಳೋ ವಾರ ದಡದಲ್ಲಿರೋರೆಲ್ಲ ಕೈ ಬೀಸ್ತಾರೆ. ಅವ್ನೂ ತಿರುಗಿ ಕೈ ಬೀಸಿ ಹೋಗ್ತಾನೆ. ಕೂಗಿದ್ರೆ ಈ ಮೊರೆತದಲ್ಲಿ ಏನು ಕೇಳತ್ತೆ?" ಎಂದವಳು ಗಾಡಿಯ ಕಡೆ ನೋಡಿದಳು. "ಅವ್ನ ಗಾಡಿ ಇರಬಾರದ ಜಾಗದಲ್ಲಿ ಇದ್ರೆ ಮಾತ್ರ ನೋಡ್ತಾನೆ."

ತಿರುವಿಗಿಂತ ಮೇಲೆ ಹೂಪರ್ ಎಂಬ ರೈತನ ಹುಲ್ಲುಗಾವಲು ನೀರಿಗೆ ತಾಗಿದೆ. ಓರ್ಲಾ ತಂತಿಬೇಲಿ ಕಿತ್ತು ಒಳನುಗ್ಗಿ, ಟ್ರೇಲರ್ ಚಕ್ರ ನೆನೆಯುವವರೆಗೆ ಗಾಡಿಯನ್ನು ಹಿಂದಕ್ಕಿಳಿಸಿ ನಿಲ್ಲಿಸಿದಳು. ಆಗ ನನ್ನ ಹಾಳು ಬಾಯಿ ಸುಮ್ಮನಿರಬೇಕಲ್ಲ!

"ಓರ್ಲಾ, ಅಕ್ಕ ಮತ್ತೆ ಎಡವಟ್ಟು ಮಾಡಿದ್ಲು, ಸಂಜೆ ಬಂದು ತಗೊಂಡು ಹೋದ್ರಾಯ್ತು ಅಂದ್ಕೊಂಡು ಸೀದಾ ಹೋಗ್ಬಿಟ್ರೆ?"

"ನಂಗೂ ಅದೇ ಭಯ ಕಣೆ," ಎಂದಳು.

ಒಂದು ಗಂಟೆ ಕಾದೆವು. ಬುಡಸಮೇತ ಮರವೊಂದು ತೇಲಿಹೋಯಿತು. ಆಮೇಲೆ ದೋಣಿ ಕಾಣಿಸಿತು. ಆದರೆ ಗಿರಾಕಿ ಹೆಂಗಸಿನ ಗಾಳಕ್ಕೆ ಮೀನು ಬಿದ್ದು ಕೋಲು ಕಮಾನಾಗಿತ್ತು. ಮೂವರೂ ಆಚೆ ದಡದ ಕಡೆ ಮುಖಮಾಡಿ ಕುಣಿಯುತ್ತಿದ್ದರು. ದೋಣಿ ನಮ್ಮ ನೇರಕ್ಕೆ ಬಂತು. ಕಿರುಚಿ ಕಿರುಚಿ ನನ್ನ ಗಂಟಲು ಕಟ್ಟಿತು. ಓರ್ಲಾ ಗಾಡಿಯೊಳಗೆ ನುಗ್ಗಿ ಹಾರನ್ ಮೇಲೆ ಎರಡೂ ಕೈ ಊರಿ ಮಲಗಿಬಿಟ್ಟಳು.

ತನ್ನ ಗಾಡಿಯ ದನಿ ಅವನಿಗೆ ಗೊತ್ತಾಗದಿರುತ್ತದೆಯೇ? ವರ್ನ್ ತಿರುಗಿದ. ಗಾಡಿಯನ್ನು ನೋಡಿದ. ಹುಟ್ಟುಗಳು ಗಾಳಿಯಲ್ಲೇ ನಿಂತವು. ದೋಣಿ ಜಾರಿತು, ಇನ್ನೂ ಜಾರಿತು. ಹೋದ, ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಅವನು ಹುಟ್ಟು ಅದ್ದಿ, ಕತ್ತಿನ ನರ ಉಬ್ಬುವಂತೆ ನಮ್ಮ ಕಡೆಗೆ ಎಳೆಯತೊಡಗಿದ. ಮೀನು ಕಿತ್ತುಕೊಂಡು ಹೋಯಿತು. ದೋಣಿ ತಿರುವಿಗೆ ಇಪ್ಪತ್ತು ಮಾರು ಮೇಲೆ ಪೊದೆಗೆ ತಾಗಿತು.

"ಮತ್ತೆ ಅದೇ ಕೆಲ್ಸ ಮಾಡಿದ್ಯಲ್ಲೇ ಅಕ್ಕಾ! ನಡು ಹೊಲದಲ್ಲಿ ನಿಲ್ಸಿದೀಯಾ! ತಲೇಲಿ ಏನಿದೆ ನಿಂಗೆ? ಜನ ನನ್ನ ಮುಖಕ್ಕೆ ಉಗೀತಾರೆ!" ದಡ ಹತ್ತುತ್ತಲೇ ಶುರುವಾಯಿತು.

ಓರ್ಲಾ ಗಾಡಿಯಿಂದಿಳಿದು ಕೆಸರಿನಲ್ಲೇ ಕೂತಿದ್ದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಬೈಯೋ. ಇನ್ನೂ ಬೈಯೋ," ಎಂದಳು.

ನನಗೆ ತಡೆಯಲಾಗಲಿಲ್ಲ. ಅವನ ತೋಳು ಹಿಡಿದು ತಿರುವಿನವರೆಗೆ ದರದರ ಎಳೆದುಕೊಂಡು ಹೋದೆ. "ನೋಡೋ, ಕಣ್ಬಿಟ್ಟು ನೋಡು!"

ನೀರು ತೊಲೆಗೆ ಬಡಿಯುತ್ತಿತ್ತು. ತೇಲಿಹೋದ ಮರ ಅದೇ ತೊಲೆಗೆ ಸಿಕ್ಕಿ ಎರಡು ತುಂಡಾಗಿತ್ತು. ವರ್ನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ವಾಪಸು ಬಂದವನು ಅಕ್ಕನ ಮುಖ ನೋಡಲಿಲ್ಲ. ದೋಣಿಯನ್ನು ಟ್ರೇಲರಿಗೇರಿಸಿ ಹೊರಟುಹೋದ. ಕೃತಜ್ಞತೆ ಇಲ್ಲದವನೇ ಎಂದು ನಾನು ಹಲ್ಲು ಕಡಿದೆ.

ನೀರಿಳಿಯಲು ನಾಲ್ಕು ದಿನ ಹಿಡಿಯಿತು. ಐದನೇ ಬೆಳಗ್ಗೆ ಮೇಲಿನ ಕಡವಿನಲ್ಲಿ ಎಲ್ಲ ದೋಣಿಯವರೂ ಸೇರಿದ್ದರು. ಕಂಬಳಿಯ ಮಾತಿಗೆ ನಗಲು ಆಗಲೇ ಬಾಯಿ ಅರ್ಧ ತೆರೆದಿದ್ದರು. ವರ್ನ್ ಕೀಲಿಯನ್ನು ಚಕ್ರದ ಮೇಲಿಡಲಿಲ್ಲ. ಅಕ್ಕನ ಹತ್ತಿರ ಬಂದು ಅವಳ ಅಂಗೈಯಲ್ಲಿಟ್ಟ.

"ಅಕ್ಕಾ, ಗಾಡಿ ನಿಂಗೆಲ್ಲಿ ಸರಿ ಅನ್ಸತ್ತೋ ಅಲ್ಲಿ ನಿಲ್ಸು. ಅದು ಎಲ್ಲಿರತ್ತೋ ನಾನು ಅಲ್ಲೇ ದಡ ಹತ್ತೀನಿ."

"ಹೋಗೋ, ಹೋಗೋ," ಎಂದಳು ಓರ್ಲಾ.

ಅವತ್ತು ವಾಪಸು ಬರುವಾಗ ಕಾರಿನಲ್ಲಿ ಹದಿನಾಲ್ಕು ಮೈಲಿಯೂ ಅವಳು ಬಾಯಿ ಮುಚ್ಚಲಿಲ್ಲ.