ಮೇಷ್ಟ್ರ ಮನೆಯ ಅಟ್ಟಕ್ಕೆ ಹೊಗೆ ಹಾಕಿದವಳು

ಶಾಂತಕುಮಾರಿ ಬರುವುದಕ್ಕೆ ಮುಂಚೆ ಅವಳ ಕೆಮ್ಮು ಬರುತ್ತಿತ್ತು. ತುರುವೇಕೆರೆ ತಾಲ್ಲೂಕು ಕಚೇರಿಯ ಎದುರು, ತಗಡಿನ ಕೆಳಗೆ ನನ್ನದೊಂದು ಮೇಜಿದೆ. ಕ್ರಯಪತ್ರ, ಕರಾರುಪತ್ರ, ಭಾಗಪತ್ರ ಬರೆದುಕೊಟ್ಟು ಹೊಟ್ಟೆ ಹೊರೆಯುತ್ತೇನೆ. ಪ್ರತಿ ವರ್ಷ ಏಪ್ರಿಲ್ ಮೊದಲ ವಾರ ಗೇಟಿನ ಕಡೆಯಿಂದ ಆ ಕೆಮ್ಮು ಕೇಳಿದರೆ ಸಾಕು, ನಾನು ಛಾಪಾ ಕಾಗದ ತೆಗೆದಿಡುತ್ತಿದ್ದೆ. ಅವಳ ನಾಲ್ಕು ಲಕ್ಷ ರೂಪಾಯಿ ಅವಳ ಅಣ್ಣನ ಹತ್ತಿರ ಇತ್ತು. ವರ್ಷಕ್ಕೊಮ್ಮೆ ಹಳೇ ಪತ್ರ ಹರಿದು ಹೊಸದು ಬರೆಸಬೇಕಿತ್ತು. ಹನ್ನೆರಡು ವರ್ಷ ಬರೆದೆ.

ಅಣ್ಣ ಅಂದರೆ ನಂಜುಂಡಪ್ಪ ಮೇಷ್ಟ್ರು. ಕಿಬ್ಬನಹಳ್ಳಿಯಿಂದ ಎರಡು ಮೈಲಿ ಒಳಗಿನ ಊರು ಅವರದು. ಮೂವತ್ತು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿದವರು, ನನಗೂ ಹೇಳಿಕೊಟ್ಟವರು. ಪಾಠದಲ್ಲಿ ನನಗೆ ನೆನಪಿರುವುದು ಒಂದೇ. ಬಜೆಟ್ಟಿನ ಮಾರನೇ ದಿನ ಪೇಪರು ಹಿಡಿದುಕೊಂಡು ಬರುತ್ತಿದ್ದರು. "ಸರ್ಕಾರ ಅಸಲು ತೀರಿಸಿ ಕೈ ತೊಳ್ಕೊಂಡಿದ್ದನ್ನ ಯಾರಾದ್ರೂ ನೋಡಿದೀರೇನ್ರೋ? ಇಲ್ಲ. ಬಡ್ಡಿ ತಪ್ಪಿಸಿದ್ದನ್ನ ನೋಡಿದೀರಾ? ಅದೂ ಇಲ್ಲ. ಹಳೇ ಸಾಲಕ್ಕೆ ಹೊಸ ಸಾಲ, ಬಡ್ಡಿ ಮಾತ್ರ ತಾರೀಖಿಗೆ ಸರಿಯಾಗಿ. ಸಂಸಾರ ಮಾಡೋನು ಇದನ್ನ ನೋಡಿ ಕಲೀಬೇಕು" ಎನ್ನುತ್ತಿದ್ದರು. ನಾವು ಪರೀಕ್ಷೆಗೆ ಬರೆದು ಮರೆತೆವು. ಅವರು ಮರೆಯಲಿಲ್ಲ.

ಮೇಷ್ಟ್ರ ಮನೆಯಲ್ಲಿ ಪ್ರತಿ ಮಾರ್ಚ್ ತಿಂಗಳಲ್ಲಿ ಬಜೆಟ್ ಓದುವುದಿತ್ತು. ಸುಳ್ಳಲ್ಲ. ಜಗಲಿಯ ಮೇಲೆ ಕುರ್ಚಿ ಹಾಕಿ, ಕನ್ನಡಕ ಏರಿಸಿ, ನೋಟ್ ಪುಸ್ತಕ ತೆಗೆದು ಓದುತ್ತಿದ್ದರು. ಕೇಳುವುದಕ್ಕೆ ಹೆಂಡತಿ ಹೊಂಬಾಳಮ್ಮ, ತಂಗಿ ಶಾಂತಕುಮಾರಿ. ಮಗಳ ಮದುವೆಗೆ ಹೋದ ಹನ್ನೊಂದು ಲಕ್ಷ 'ಬಂಡವಾಳ ವೆಚ್ಚ', ಅಳಿಯನಿಗೆ ಕೊಡಿಸಿದ ಕಾರು 'ಮೂಲಸೌಕರ್ಯ'. ಹೊಂಬಾಳಮ್ಮ ಆಕಳಿಸಿ ಒಳಗೆ ಹೋಗುತ್ತಿದ್ದರು. ಶಾಂತಕುಮಾರಿ ಕೊನೆಯವರೆಗೂ ಕೂತಿರುತ್ತಿದ್ದಳು, ಏಕೆಂದರೆ ಅವಳ ನಾಲ್ಕು ಲಕ್ಷದ ಸುದ್ದಿ ಕೊನೆಯ ಪುಟದಲ್ಲಿರುತ್ತಿತ್ತು.

ಆ ದುಡ್ಡು ಅವಳ ಗಂಡನದು. ಗಂಡನದು ಅಂದರೆ, ಅವನು ಸತ್ತದ್ದಕ್ಕೆ ಬಂದದ್ದು. ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ಸತ್ತ. ಮಕ್ಕಳಿರಲಿಲ್ಲ. ಅತ್ತೆ ಮನೆಯವರು ತಿಥಿ ಮುಗಿಸಿ ಬಸ್ಸು ಹತ್ತಿಸಿದರು. ವಿಮೆಯ ಹಣ ಬಂದಾಗ ಮೇಷ್ಟ್ರು ತಂಗಿಯನ್ನು ಕೂರಿಸಿಕೊಂಡು, ಬ್ಯಾಂಕಿನವರು ಎಷ್ಟು ಕೊಡುತ್ತಾರೋ ಅದಕ್ಕಿಂತ ಜಾಸ್ತಿ ನಾನು ಕೊಡುತ್ತೇನೆ, ನೂರಕ್ಕೆ ಒಂದು ರೂಪಾಯಿ ಬಡ್ಡಿ, ಪ್ರತಿ ತಿಂಗಳು ಐದನೇ ತಾರೀಖು, ಎಂದರು. ಆ ಮಾತು ಒಂದು ತಿಂಗಳೂ ತಪ್ಪಲಿಲ್ಲ. ಐದನೇ ತಾರೀಖು ನಾಲ್ಕು ಸಾವಿರ ಅವಳ ಕೈಗೆ ಎಣಿಸಿ ಕೊಡುತ್ತಿದ್ದರು. ಆಮೇಲೆ ಊಟದ ಬಾಬ್ತು ಅಂತ ಎರಡೂವರೆ ಸಾವಿರ ವಾಪಸ್ ಎಣಿಸಿಕೊಳ್ಳುತ್ತಿದ್ದರು. "ಸರ್ಕಾರನೂ ಬಡ್ಡಿ ಮೇಲೆ ತೆರಿಗೆ ಹಾಕುತ್ತೆ ಕಣೇ ಶಾಂತಿ" ಎನ್ನುತ್ತಿದ್ದರು. ಆ ಮನೆಯ ಪಾತ್ರೆ, ದನ, ಸಗಣಿ, ಬಟ್ಟೆ ಎಲ್ಲ ಅವಳ ಪಾಲಿಗೇ ಇತ್ತು. ಅದಕ್ಕೆ ನೋಟ್ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಇನ್ನು ಭದ್ರತೆಯ ವಿಷಯ. ಸಾಲ ಅಂದಮೇಲೆ ಬೆನ್ನಿಗೆ ಒಂದು ಆಸ್ತಿ ಬೇಕು. ಮೇಷ್ಟ್ರು ತೋರಿಸಿದ್ದು ಕೊಬ್ಬರಿ ಅಟ್ಟವನ್ನು. ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಬಿಟ್ಟುಬಿಡುತ್ತೇವೆ. ಒಳಗಿನ ನೀರು ತಾನೇ ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಅಲ್ಲಿಯವರೆಗೆ ಯಾರೂ ಮುಟ್ಟುವುದಿಲ್ಲ. ಮೇಷ್ಟ್ರ ಅಟ್ಟ ಹಿಂದಿನ ಅಡುಗೆಮನೆಯ ಮೇಲಿತ್ತು, ಅಡಿಕೆ ಮರ ಸೀಳಿದ ದಬ್ಬೆ ಹಾಸಿ ಮಾಡಿದ್ದು. ಕೆಳಗೆ ಸೌದೆ ಒಲೆ. ಒಲೆಯ ಹೊಗೆ ದಬ್ಬೆಯ ಸಂದಿಯಿಂದ ಮೇಲೇರಿದರೆ ಕಾಯಿಗೆ ಬೂಷ್ಟು ಹಿಡಿಯುವುದಿಲ್ಲ. ಹೊಂಬಾಳಮ್ಮನಿಗೆ ಮುಂದಿನ ಅಡುಗೆಮನೆಯಲ್ಲಿ ಗ್ಯಾಸ್ ಬಂದು ಎಷ್ಟೋ ವರ್ಷವಾಗಿತ್ತು. ಹಿಂದಿನ ಒಲೆ ಶಾಂತಕುಮಾರಿಯದು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ತೆಂಗಿನ ಹಸಿ ಮಟ್ಟೆ ಹಾಕಿ ಹೊಗೆ ಎಬ್ಬಿಸುತ್ತಿದ್ದಳು. ಯಾರೂ ಬಲವಂತ ಮಾಡಿದ್ದಲ್ಲ. ಮೇಲಿರುವುದು ತನ್ನ ದುಡ್ಡು ಅಂತ ಅವಳಿಗೆ ಗೊತ್ತಿತ್ತಲ್ಲ.

ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಕೊಬ್ಬರಿ ಅಟ್ಟಕ್ಕೆ ಹೆಂಗಸರು ಹತ್ತಬಾರದು, ಮೈಲಿಗೆಯಾಗಿ ಕಾಯಿ ಕೊಳೆಯುತ್ತದೆ ಅಂತ. ಮೇಷ್ಟ್ರ ಅಜ್ಜಿಯ ಕಾಲದ್ದು. ಕಾಲೇಜಿನಲ್ಲಿ ಮೂಢನಂಬಿಕೆಯ ಮೇಲೆ ಗಂಟೆಗಟ್ಟಲೆ ಭಾಷಣ ಮಾಡಿದ ಮನುಷ್ಯ ಇದೊಂದನ್ನು ಮಾತ್ರ ಜೋಪಾನವಾಗಿ ಕಾಪಾಡಿಕೊಂಡು ಬಂದರು. ಇನ್ನೊಂದು ಮಾತು. ಮೇಷ್ಟ್ರು ಹೀಗೆ ಸಾಲ ಪಡೆದು 'ಮನೆ ಬಾಂಡು' ಅಂತ ಪತ್ರ ಕೊಡುತ್ತಿದ್ದುದು ಹೆಂಗಸರಿಗೆ ಮಾತ್ರ. ನಿವೃತ್ತಿಯಾದ ಅಂಗನವಾಡಿ ಟೀಚರು, ಒಬ್ಬ ನರ್ಸಮ್ಮ, ನೆಂಟರಲ್ಲಿ ಗಂಡ ಸತ್ತವರು, ಶಾಂತಕುಮಾರಿಯೂ ಸೇರಿ ಒಟ್ಟು ಏಳು ಜನ. ಏಳು ಪತ್ರದಲ್ಲೂ 'ಸದರಿ ಮನೆಯ ಅಟ್ಟದಲ್ಲಿರುವ ಕೊಬ್ಬರಿಯೇ ಈ ಸಾಲಕ್ಕೆ ಭದ್ರತೆ' ಎಂದು ಬರೆದವನು ನಾನು. ಒಂದೇ ಅಟ್ಟ, ಏಳು ಸಲ. ಪತ್ರಕ್ಕೆ ಐನೂರು ಸಿಗುತ್ತಿತ್ತು.

ಹೋದ ವರ್ಷ ಅವಳ ಕೆಮ್ಮಿನಲ್ಲಿ ರಕ್ತದ ಎಳೆ ಬಂತು. ತಿಪಟೂರಿನ ಡಾಕ್ಟರು ಎದೆಯ ಫೋಟೋ ಬೆಳಕಿಗೆ ಹಿಡಿದು, ಎಷ್ಟು ವರ್ಷದಿಂದ ಬೀಡಿ ಸೇದುತ್ತೀಯಮ್ಮ ಎಂದು ಕೇಳಿದರು. ಬೀಡಿಯಲ್ಲ ಒಲೆ ಎಂದು ಗೊತ್ತಾದಮೇಲೆ, ಇನ್ನೊಂದು ವರ್ಷ ಈ ಹೊಗೆ ಕುಡಿದರೆ ನನ್ನ ಹತ್ತಿರ ಬರಬೇಡ, ಬಂದೂ ಪ್ರಯೋಜನವಿಲ್ಲ ಎಂದರು. ಶಾಂತಕುಮಾರಿಗೆ ಆಗ ನಲವತ್ತೆಂಟು. ಅಲ್ಲಿಂದ ನೇರವಾಗಿ ತುರುವೇಕೆರೆಗೆ ಬಸ್ಸು ಹತ್ತಿ ನನ್ನ ಮೇಜಿನ ಮುಂದೆ ಕೂತಳು.

"ಪ್ರಕಾಶಣ್ಣ, ನಂಗೊಂದು ಮನೆ ನೋಡು. ಒಂದೇ ಕೋಣೆ ಆದ್ರೂ ಆಯ್ತು. ಅಡುಗೆಮನೇಗೆ ಕಿಟಕಿ ಇರ್ಬೇಕು" ಎಂದಳು.

ಬಸ್ ಸ್ಟ್ಯಾಂಡಿನ ಹಿಂದೆ ಒಂದು ಶೀಟಿನ ಮನೆ ಇತ್ತು. ಐದೂವರೆ ಲಕ್ಷ. ಅಡುಗೆಮನೆಗೆ ಕಿಟಕಿ ಇತ್ತು. ಅವಳು ಕಿಟಕಿ ತೆಗೆದು ಮುಚ್ಚಿ, ತೆಗೆದು ಮುಚ್ಚಿ ನೋಡಿದಳು. ಉಳಿಸಿಟ್ಟ ಒಂದೂವರೆ ಲಕ್ಷವನ್ನು ಮುಂಗಡ ಕೊಟ್ಟಳು. ಮೂರು ತಿಂಗಳೊಳಗೆ ಉಳಿದ ನಾಲ್ಕು ಲಕ್ಷ ಕೊಡದಿದ್ದರೆ ಮುಂಗಡ ಮುಟ್ಟುಗೋಲು ಎಂಬ ಷರತ್ತನ್ನೂ ನಾನೇ ಬರೆದೆ.

ಮೇಷ್ಟ್ರು ತಕ್ಷಣ ಒಪ್ಪಿದರು. ಕೊಬ್ಬರಿ ಇಳಿಸಿದ ದಿನವೇ ನಿನ್ನ ಗಂಟು ನಿನ್ನ ಕೈಗೆ ಎಂದರು. ಮೊದಲ ತಿಂಗಳು, ಇನ್ನೂ ಒಣಗಿಲ್ಲ ಎಂದರು. ಎರಡನೇ ತಿಂಗಳು, ರೇಟು ಇನ್ನೂ ಏರುತ್ತೆ ತಡಿ ಎಂದರು. ಆಗ ತಿಪಟೂರು ಮಾರ್ಕೆಟ್ಟಿನಲ್ಲಿ ಕೊಬ್ಬರಿ ರೇಟು ಯಾರೂ ಕಂಡು ಕೇಳರಿಯದಷ್ಟು ಏರಿತ್ತು, ಊರೆಲ್ಲ ಅಟ್ಟ ಖಾಲಿ ಮಾಡುತ್ತಿತ್ತು. ಮೂರನೇ ತಿಂಗಳ ಒಂದು ಮಧ್ಯಾಹ್ನ ಮೇಷ್ಟ್ರು ಹೆಂಡತಿಯನ್ನು ಕರೆದುಕೊಂಡು ಯಾವುದೋ ಗೃಹಪ್ರವೇಶಕ್ಕೆ ಹೋಗಿದ್ದರು. ಶಾಂತಕುಮಾರಿ ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ಏಣಿ ಹಾಕಿದಳು. ಪಾಪ, ಕಾಯಿ ಕೊಳೆಯಬಾರದಲ್ಲ.

ಅಟ್ಟದ ಮೇಲೆ ಕಾಯಿ ಇತ್ತು. ಒಂದೇ ಒಂದು ಪದರ. ದಬ್ಬೆ ಮುಚ್ಚುವಷ್ಟು. ಕೆಳಗೆ ಒಲೆಯ ಮುಂದೆ ಕೂತು ಕತ್ತೆತ್ತಿದರೆ ಸಂದಿ ಸಂದಿಯಲ್ಲೂ ಕಾಯಿ ಕಾಣುವ ಹಾಗೆ ನೀಟಾಗಿ ಜೋಡಿಸಿತ್ತು. ಎದೆಯ ಮಟ್ಟಕ್ಕೆ ರಾಶಿ ಇರಬೇಕಾದ ಜಾಗದಲ್ಲಿ ಜೇಡರ ಬಲೆ. ಒಂದು ಕಾಯಿ ಎತ್ತಿದಳು, ಬೆಂಡಿನಷ್ಟು ಹಗುರ. ಕಿವಿಗೆ ಹಿಡಿದು ಅಲ್ಲಾಡಿಸಿದಳು, ಸದ್ದಿಲ್ಲ. ತಿರುಗಿಸಿದರೆ ಇಲಿ ಕೊರೆದ ತೂತು, ಅದರಿಂದ ಕಪ್ಪು ಪುಡಿ ಉದುರಿತು. ಇನ್ನೊಂದು ಎತ್ತಿದಳು, ಮತ್ತೊಂದು ಎತ್ತಿದಳು. ಎಲ್ಲ ಹಾಗೇ. ಎಷ್ಟು ವರ್ಷದ ಹಿಂದಿನ ಕಾಯೋ. ತೋಟದ ಕಾಯಿ ಪ್ರತಿ ಸಲವೂ ಎಳನೀರಿನಲ್ಲೇ ಲಾರಿ ಹತ್ತಿ, ಏಳು ಹೆಂಗಸರ ಬಡ್ಡಿಯಾಗಿ, ಐದನೇ ತಾರೀಖು ತಪ್ಪದೆ ಮನೆಗೆ ಬರುತ್ತಿತ್ತು. ನೀನಿಲ್ಲದಾಗ ಹಿಂದಿನ ಬಾಗಿಲಿಂದ ಅಟ್ಟಕ್ಕೆ ಏರಿಸಿದೆವು ಅಂತ ಮೇಷ್ಟ್ರು ಹೇಳಿದ್ದನ್ನು ಇವಳು ನಂಬಿದ್ದಳು. ಹನ್ನೆರಡು ವರ್ಷ ಅವಳು ಹೊಗೆ ಹಾಕಿದ್ದು ಇಲಿ ತಿಂದ ಚಿಪ್ಪಿಗೆ.

ಮೇಷ್ಟ್ರು ಬಂದಾಗ ಅವಳು ಏಣಿಯ ಬುಡದಲ್ಲಿ ಕೂತಿದ್ದಳು. ಮಡಿಲಲ್ಲಿ ಆ ಕಾಯಿ.

"ಹತ್ತಿದ್ಯಾ?" ಎಂದರು ಮೇಷ್ಟ್ರು. ಅವರಿಗೆ ಮೊದಲು ಹೊಳೆದದ್ದು ಕಟ್ಟಳೆ ಮುರಿದದ್ದು.

"ನನ್ನ ದುಡ್ಡೆಲ್ಲಿ ಅಣ್ಣಯ್ಯ?"

ಮೇಷ್ಟ್ರಿಗೆ ನಾಚಿಕೆಯಾಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಪಾಠ ಶುರು ಮಾಡಿದರು. "ನೋಡೇ ಶಾಂತಿ, ಖಜಾನೇಲಿ ದುಡ್ಡಿರೋದ್ರಿಂದ ಯಾರೂ ಸರ್ಕಾರಕ್ಕೆ ಸಾಲ ಕೊಡಲ್ಲ. ಇದೆ ಅಂತ ನಂಬೋದ್ರಿಂದ ಕೊಡ್ತಾರೆ. ಈಗ ನೀನು ಬೀದೀಲಿ ನಿಂತು ಕೂಗು. ಸಂಜೇಗೆ ಉಳಿದ ಆರು ಹೆಂಗಸ್ರೂ ಬಾಗ್ಲಿಗೆ ಬರ್ತಾರೆ. ತೋಟ ಆಗ್ಲೇ ಬ್ಯಾಂಕಲ್ಲಿದೆ, ಪೆನ್ಷನ್ ಮೇಲೂ ಸಾಲ ಇದೆ. ನಿಂಗೆಷ್ಟು ಸಿಗುತ್ತೆ, ಲೆಕ್ಕ ಹಾಕು."

ಅವಳು ಲೆಕ್ಕ ಹಾಕಿದಳು. ಅಂಥ ಕಷ್ಟದ ಲೆಕ್ಕವೇನೂ ಅಲ್ಲ.

"ಸುಮ್ನಿದ್ರೆ ಎಂಟನೇವಳು ಬರ್ತಾಳೆ. ಅವಳ ದುಡ್ಡು ನಿಂಗೇ ಕೊಡ್ತೀನಿ, ದೇವರಾಣೆ" ಎಂದರು ಮೇಷ್ಟ್ರು.

ಮನೆಯ ಗಡುವಿಗೆ ಹತ್ತೊಂಬತ್ತು ದಿನ ಉಳಿದಿತ್ತು. ಶಾಂತಕುಮಾರಿ ಆ ಕಾಯಿಯನ್ನು ತೆಗೆದುಕೊಂಡು ಹೋಗಿ ಇದ್ದ ಜಾಗದಲ್ಲೇ ಇಟ್ಟು ಬಂದಳು. ಐದು ಗಂಟೆಗೆ ಒಲೆ ಹೊತ್ತಿಸಿದಳು.

ಎಂಟನೆಯವಳು ಕರಿಯಕ್ಕ. ಹುಳಿಯಾರು ಕಡೆಯ ಹಟ್ಟಿಯವಳು, ಹಿಂದೆ ಮುಂದೆ ಯಾರೂ ಇಲ್ಲದ ಮುದುಕಿ. ಪ್ರತಿ ಬೇಸಿಗೆಯಲ್ಲೂ ಗೊಬ್ಬರಕ್ಕೆಂದು ಮೇಷ್ಟ್ರ ತೋಟದಲ್ಲಿ ಕುರಿ ಮಂದೆ ನಿಲ್ಲಿಸುತ್ತಿದ್ದಳು. ಮೊಣಕಾಲು ಹೋದಮೇಲೆ ಕುರಿ ಅಷ್ಟನ್ನೂ ಮಾರಿ, ನಾಲ್ಕೂವರೆ ಲಕ್ಷವನ್ನು ಕಂಬಳಿಯಲ್ಲಿ ಸುತ್ತಿಟ್ಟುಕೊಂಡಿದ್ದಳು. ಅದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಶಾಂತಕುಮಾರಿಗೆ ಗೊತ್ತಿತ್ತು. ಮಂದೆ ನಿಂತಾಗಲೆಲ್ಲ ಕರಿಯಕ್ಕನಿಗೆ ಮುದ್ದೆ ಸಾರು ಕೊಟ್ಟವಳು ಅವಳೇ.

ಮುಂದಿನ ಸೋಮವಾರ ಕರಿಯಕ್ಕ ಬಂದು ಹಿಂದಿನ ಅಡುಗೆಮನೆಯಲ್ಲಿ ಕೂತು ಕತ್ತೆತ್ತಿ ನೋಡಿದಳು.

"ಎಲ್ಲಾ ಕಾಯೇ ಏನವ್ವ?"

"ಒಂದಿಂಚು ಜಾಗ ಇಲ್ಲ ಕಣಕ್ಕ."

"ಒಂದ್ಕಿತ ಹತ್ತಿ ನೋಡ್ಲಾ?"

"ಅಯ್ಯೋ, ಹೆಂಗಸ್ರು ಹತ್ತಬಾರ್ದು. ನಾನೇ ಹನ್ನೆರಡು ವರ್ಷದಿಂದ ಹತ್ತಿಲ್ಲ" ಎಂದು ಶಾಂತಕುಮಾರಿ ಒಲೆಗೆ ಇನ್ನೆರಡು ಹಸಿ ಮಟ್ಟೆ ತುರುಕಿದಳು. ಹೊಗೆ ಏರಿ ಅಟ್ಟ ಮಸುಕಾಯಿತು. ಕರಿಯಕ್ಕ ಕಣ್ಣೊರೆಸಿಕೊಂಡು, ಬುಡವ್ವ, ನೀನೇ ಹೇಳಿದ್ಮೇಲೆ ಇನ್ನೇನು ಎಂದಳು.

ಪತ್ರ ಎರಡನ್ನೂ ಒಂದೇ ದಿನ ಬರೆದೆ. ಬೆಳಿಗ್ಗೆ ಕರಿಯಕ್ಕನ ಬಾಂಡು, ಮಧ್ಯಾಹ್ನ ಶಾಂತಕುಮಾರಿಯ ಕ್ರಯಪತ್ರ. ನಾಲ್ಕು ಲಕ್ಷ ಮನೆ ಮಾರುವವನಿಗೆ ಹೋಯಿತು, ಉಳಿದ ಐವತ್ತು ಸಾವಿರ ಮುಂದಿನ ಐದನೇ ತಾರೀಖಿನ ಬಡ್ಡಿಗೆಂದು ಮೇಷ್ಟ್ರ ಜೇಬಿಗೆ. ಅಟ್ಟದ ಕತೆಯನ್ನು ಶಾಂತಕುಮಾರಿ ನನಗೆ ಹೇಳಿದ್ದು ಅವತ್ತೇ, ಮಸಿ ಹತ್ತಿದ ಹೆಬ್ಬೆರಳನ್ನು ಒರೆಸಿಕೊಳ್ಳುತ್ತಾ, ತರಕಾರಿ ರೇಟು ಹೇಳುವ ಹಾಗೆ. ನನಗೆ ರೇಗಿತು.

"ಆ ಮುದುಕಿಗೆ ಒಂದು ಮಾತು ಹೇಳಬಾರದಿತ್ತಾ ನೀನು?"

"ನೀನು ಹೇಳಬೋದಿತ್ತಲ್ಲ ಪ್ರಕಾಶಣ್ಣ. ಎಂಟು ಪತ್ರನೂ ಬರ್ದೋನು ನೀನು" ಎಂದಳು. ಆಮೇಲೆ ನನ್ನ ಐನೂರು ರೂಪಾಯಿ ಮೇಜಿನ ಮೇಲಿಟ್ಟಳು. ತೆಗೆದುಕೊಂಡೆ.

ಈಗ ಅವಳು ಬಸ್ ಸ್ಟ್ಯಾಂಡಿನ ಹಿಂದೆ ಇದ್ದಾಳೆ. ಗ್ಯಾಸ್ ಒಲೆ, ಕಿಟಕಿ. ಮೈ ತುಂಬಿಕೊಂಡಿದ್ದಾಳೆ. ಎದುರಾದರೆ ನಗುತ್ತಾಳೆ, ಕೆಮ್ಮು ಪೂರ್ತಿ ನಿಂತಿಲ್ಲ. ನಾನು ಅವಳ ಮುಖ ನೋಡುವುದನ್ನು ಆದಷ್ಟು ತಪ್ಪಿಸುತ್ತೇನೆ.

ಈ ಏಪ್ರಿಲ್ ಮೊದಲ ವಾರ ಗೇಟಿನ ಕಡೆಯಿಂದ ಕೆಮ್ಮು ಕೇಳಿಸಿತು. ಶಾಂತಕುಮಾರಿ ಇರಬೇಕೆಂದು ತಲೆಯೆತ್ತಿದರೆ ಕರಿಯಕ್ಕ, ಕೋಲೂರಿಕೊಂಡು ಬರುತ್ತಿದ್ದಳು. ಹಟ್ಟಿ ಬಿಟ್ಟು ಮೇಷ್ಟ್ರ ಹಿಂದಿನ ಅಡುಗೆಮನೆಯಲ್ಲೇ ಉಳಿದುಕೊಂಡಿದ್ದಾಳಂತೆ. ಬಡ್ಡಿ ತಾರೀಖಿಗೆ ಸರಿಯಾಗಿ ಬರುತ್ತದಂತೆ. ಊಟದ ಬಾಬ್ತು ಹಿಡಿದುಕೊಳ್ಳುತ್ತಾರಂತೆ. ಪತ್ರ ಹೊಸದು ಮಾಡಿಸಲು ಬಂದಿದ್ದಳು. ಕೂತು, ಉಸಿರು ಎಳೆದುಕೊಂಡು, ನನ್ನ ಕಡೆ ಬಗ್ಗಿ ಕೇಳಿದಳು.

"ಸ್ವಾಮಿ, ನೀವು ತಿಳುದೋರು. ಎಲ್ಡು ಹೊತ್ತೂ ಮಟ್ಟೆ ಹಾಕಿ ಉರುಸ್ತಾ ಇವ್ನಿ, ಆದ್ರೂ ಕಾಯಿ ಇನ್ನೂ ಒಣಗಿಲ್ಲ ಅಂತಾರೆ ಮೇಷ್ಟ್ರು. ಹೊಗೆ ಸಾಕಾಗ್ತಿಲ್ವಾ?"

ಛಾಪಾ ಕಾಗದ ಆಗಲೇ ನನ್ನ ಮುಂದಿತ್ತು. ಸದರಿ ಮನೆಯ ಅಟ್ಟದಲ್ಲಿರುವ ಕೊಬ್ಬರಿಯೇ ಎಂಬಲ್ಲಿಗೆ ಪೆನ್ನು ಬಂದಿತ್ತು.

"ಇನ್ನೊಂದು ವರ್ಷ ಹಾಕಮ್ಮ" ಎಂದೆ.