ಬಚ್ಚಲುಮನೆಗೆ ಉರುಳಿದ ಹೊನ್ನೆ

೧೯೫೩ರ ಮಾರ್ಚ್ ೨೨, ಭಾನುವಾರ. ಆಧಾರ: ನನ್ನ ತಂದೆ ಬಳಸುತ್ತಿದ್ದ ವಿಜಯ ಸಂವತ್ಸರದ ಪಂಚಾಂಗ, ಆ ದಿನದ ಸಾಲಿನ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ‘ಮರ ಉರುಳಿತು’ ಎಂಬ ಎರಡು ಪದ. ತಾರೀಖಿಗೂ ವಾರಕ್ಕೂ ಹೊಂದಿಕೆಯಿದೆಯೇ ಎಂದು ಬೇರೆ ಕ್ಯಾಲೆಂಡರಿನೊಂದಿಗೆ ತಾಳೆ ನೋಡಿದ್ದೇನೆ, ಸರಿಯಿದೆ. ಯಾವ ಮರ, ಯಾತಕ್ಕಾಗಿ ಉರುಳಿತು ಎಂಬುದನ್ನು ಪಂಚಾಂಗ ಹೇಳುವುದಿಲ್ಲ. ಅದನ್ನು ನನ್ನ ನೆನಪಿನಿಂದಲೇ ತುಂಬಬೇಕು. ಆಗ ನನಗೆ ಹತ್ತು ವರ್ಷ ತುಂಬಿತ್ತು. ಆ ವಯಸ್ಸಿನ ನೆನಪನ್ನು ಬೇರೆ ಯಾರಾದರೂ ಆಧಾರವೆಂದು ಮುಂದಿಟ್ಟಿದ್ದರೆ ನಾನು ಅನುಮಾನದಿಂದಲೇ ನೋಡುತ್ತಿದ್ದೆ.

ನಾವು ಕೊಡ್ಲಿಪೇಟೆಯ ಸಮೀಪಕ್ಕೆ ಬಂದು ಆಗ ಮೂರು ವರ್ಷವಾಗಿತ್ತು. ಅದಕ್ಕೂ ಮುಂಚೆ ಇದ್ದದ್ದು ಹೇಮಾವತಿಯ ಆಚೆ ದಡದಲ್ಲಿ, ಹಾಸನ ಜಿಲ್ಲೆಯಲ್ಲಿ. ನಡುವೆ ಅರ್ಧ ದಿನದ ಗಾಡಿದಾರಿ. ಮಾತು ಅದೇ, ಮಣ್ಣು ಅದೇ, ತಟ್ಟೆಯಲ್ಲಿನ ರಾಗಿಮುದ್ದೆಯೂ ಅದೇ. ಆದರೆ ಹೊಳೆಯ ಆಚೆಯದು ಮೈಸೂರು ರಾಜ್ಯ, ಈಚೆಯದು ಕೊಡಗು ರಾಜ್ಯ. ಈ ಭೇದ ಅಪ್ಪನಿಗೆ ಗೊತ್ತಿರಲಿಲ್ಲವೆಂದಲ್ಲ. ಅದು ಕಾಗದದ ಮೇಲಿನ ಭೇದವೆಂದು ಅವರು ತಿಳಿದಿದ್ದರು. ಕ್ರಯಕ್ಕೆ ಕೊಂಡ ಗದ್ದೆ, ಗದ್ದೆಯ ಮೇಲ್ಬದಿಯ ಕುರುಚಲು ಬೆಳೆದ ದಿಬ್ಬ, ದಿಬ್ಬದ ಮೇಲಿನ ಕೆಲವು ದೊಡ್ಡ ಮರಗಳು, ಎರಡು ಕೋಣೆಯ ಹೆಂಚಿನ ಮನೆ: ಇವೆಲ್ಲ ತಮ್ಮವೆಂಬುದರಲ್ಲಿ ಅವರಿಗೆ ಸಂದೇಹವಿರಲಿಲ್ಲ.

ಮನೆಗೆ ಬಚ್ಚಲುಮನೆ ಇರಲಿಲ್ಲ. ನಮಗಿಂತ ಮುಂಚೆ ಅಲ್ಲಿದ್ದವರು ತೋಡಿನಲ್ಲಿ ಮಿಂದು ಕಾಲ ಕಳೆದಿದ್ದರಂತೆ. ನಾವು ಮೂರು ವರ್ಷವೂ ಮಿಂದದ್ದು ಆಚೆಮನೆಯಲ್ಲಿ. ಆಚೆಮನೆಯವರು ತಲೆಮಾರುಗಳಿಂದ ಅಲ್ಲಿಯೇ ಇದ್ದ ಒಕ್ಕಲುತನದ ಮನೆತನ. ಅವರ ಬಚ್ಚಲುಮನೆ ಅಂಗಳದ ಆಚೆ ಬೇರೆಯಾಗಿ ನಿಂತಿತ್ತು; ಒಲೆಯಲ್ಲಿ ಹೂತಿಟ್ಟ ದೊಡ್ಡ ತಾಮ್ರದ ಹಂಡೆ, ನಿಲ್ಲಲು ಚಪ್ಪಡಿ ಕಲ್ಲು, ಕುಳಿತುಕೊಳ್ಳಲು ಗೋಡೆಗೆ ಒರಗಿಸಿದ ಹಲಗೆ. ಶನಿವಾರ ಸಂಜೆ ಆ ಮನೆಯ ಹೆಂಗಸು ಬೇಲಿಯ ಬಳಿ ನಿಂತು ಕೂಗುತ್ತಿದ್ದರು. ನಾವು ಅವರನ್ನು ದೊಡ್ಡವ್ವ ಎನ್ನುತ್ತಿದ್ದೆವು. ಅವ್ವನಿಗೆ ಅವರು ಅಕ್ಕಯ್ಯ.

“ನೀರು ಮಳ್ತಾ ಐತೆ, ಬಾರೇ. ಆಮೇಲೆ ತಣ್ಣಗಾತು ಅಂತ ನನ್ನ ಬೈಬ್ಯಾಡ.”

“ನಿಮ್ಮ ಹಂಡೆ ತಣ್ಣಗಾಗೋದು ನಾವು ಸತ್ತ ಮೇಲೇ ಬಿಡಿ, ಅಕ್ಕಯ್ಯ.”

ಅವ್ವ ಸ್ವಭಾವತಃ ಮಿತಭಾಷಿ. ಹೊಳೆಯ ಈಚೆಗೆ ಅವಳಿಗೆ ನೆಂಟರು ಒಬ್ಬರೂ ಇರಲಿಲ್ಲ. ಮನೆಯಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದವಳು ಆ ಬಚ್ಚಲುಮನೆಯ ಹೊಗೆಯಲ್ಲಿ, ತಲೆಗೆ ಹರಳೆಣ್ಣೆ ಹಾಕಿಕೊಂಡು ಹಲಗೆಯ ಮೇಲೆ ಕುಳಿತರೆ, ಬೇರೆಯೇ ಹೆಂಗಸಾಗುತ್ತಿದ್ದಳು. ತವರಿನ ಮಾತು, ಸತ್ತುಹೋದ ಎರಡು ಮಕ್ಕಳ ಮಾತು, ಅಪ್ಪನ ಮುಂಗೋಪದ ಮಾತು. ದೊಡ್ಡವ್ವ ಸೀಗೆಪುಡಿ ಕಲಸುತ್ತ ಹೂಂಗುಡುತ್ತಿದ್ದರು, ನಡುನಡುವೆ ನಗಿಸುತ್ತಿದ್ದರು. ವಾರಕ್ಕೆ ಒಮ್ಮೆ ಅವ್ವ ಗಟ್ಟಿಯಾಗಿ ನಗುವುದನ್ನು ನಾನು ಕೇಳುತ್ತಿದ್ದದ್ದು ಅಲ್ಲಿ ಮಾತ್ರ.

ಆ ಬೇಸಿಗೆಯಲ್ಲಿ ನನ್ನ ಅಕ್ಕ ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೇ ಬರಬೇಕು. ಬಾಣಂತಿಗೆ ದಿನವೂ ಬಿಸಿನೀರು ಎರೆಯಬೇಕು. ಆ ದಿನಗಳೋ ಮುಂಗಾರಿನವು. ಹಸಿಮೈಯ ಬಾಣಂತಿಯನ್ನು ಮಳೆಯಲ್ಲಿ ಎರಡು ಅಂಗಳ ದಾಟಿಸಿ ಕರೆದೊಯ್ಯುವುದು ಹೇಗೆ? ದೊಡ್ಡವ್ವ, “ನಮ್ಮನೇಲೇ ಒಂದು ಕೋಣೆ ಬಿಟ್ಟುಕೊಡ್ತೀನಿ, ಬಾಣಂತನ ಇಲ್ಲೇ ಆಗ್ಲಿ” ಎಂದಿದ್ದರು. ಅವ್ವ ಒಪ್ಪುವ ಹಾಗಿದ್ದಳು. ಅಪ್ಪ ಒಪ್ಪಲಿಲ್ಲ. “ಬೀಗರು ಬಂದು ನೋಡಿದ್ರೆ ಏನಂದಾರು? ಮಗಳ ಬಾಣಂತನಕ್ಕೂ ಗತಿಯಿಲ್ಲ ಅಂತಾರೆ” ಎಂದರು. ಮನೆಯ ಹಿಂಗೋಡೆಗೆ ಸೇರಿಸಿ ಹೊಸದೊಂದು ಬಚ್ಚಲುಮನೆ ಎಬ್ಬಿಸುವುದೆಂದು ತೀರ್ಮಾನವಾಯಿತು.

ಪಂಚಾಂಗದ ಕೊನೆಯ ಖಾಲಿ ಪುಟದಲ್ಲಿ ಅವರ ಅಂದಾಜುಪಟ್ಟಿ ಈಗಲೂ ಇದೆ: ಕಲ್ಲು, ಹೆಂಚು, ಗಾರೆ, ಮೇಸ್ತ್ರಿಯ ಕೂಲಿ. ಪ್ರತಿಯೊಂದರ ಮುಂದೆ ಮೊತ್ತ. ಜಂತಿ ಮತ್ತು ಬಾಗಿಲ ಚೌಕಟ್ಟಿನ ಮುಂದೆ ಮೊತ್ತವಿಲ್ಲ. ‘ಮರ ನಮ್ಮದೇ’ ಎಂದು ಬರೆದಿದೆ. ಇಡೀ ಪಟ್ಟಿಯಲ್ಲಿ ಅವರು ತಪ್ಪಿದ್ದು ಈ ಒಂದು ಬಾಬಿನಲ್ಲಿ.

ದಿಬ್ಬದ ಮೇಲೆ ನೇರವಾಗಿ ಬೆಳೆದ ಒಂದು ಹೊನ್ನೆ ಮರವಿತ್ತು. ನೀರಿನ ಪಸೆಗೆ ಬೇಗ ಹಾಳಾಗದ ಮರವೆಂದು ಬಚ್ಚಲಿಗೆ ಅದನ್ನೇ ಆರಿಸಿದರು. ಭಾನುವಾರ ಬೆಳಿಗ್ಗೆ ಕೊಡಲಿ ಬಿತ್ತು, ಮಧ್ಯಾಹ್ನದ ಊಟಕ್ಕೆ ಮುಂಚೆ ಮರ ಉರುಳಿತು. ಮಲಬಾರಿನಿಂದ ಬಂದಿದ್ದ ಗರಗಸದವರು ಕೊಂಬೆ ಸವರತೊಡಗಿದಾಗ ಆಚೆಮನೆಯ ಯಜಮಾನರು ಬಂದರು. ನಾವು ಅವರನ್ನು ದೊಡ್ಡಪ್ಪ ಎನ್ನುತ್ತಿದ್ದೆವು. ಮರದ ಬುಡವನ್ನು ಒಮ್ಮೆ ಸುತ್ತಿ ಬಂದು ನೋಡಿದರು.

“ತಮ್ಮಯ್ಯ, ಪಾಸ್ ಮಾಡ್ಸಿದ್ಯಾ?”

“ಯಾತರ ಪಾಸು?”

“ಮರದ್ದು.”

ಅಪ್ಪ ನಕ್ಕರು. “ನನ್ನ ಜಮೀನಿನ ಮರ ಕಡಿಯಾಕೆ ಪಾಸಾ? ಅಣ್ಣಯ್ಯ, ಗಂಧ ಅಂದ್ರೆ ಸರ್ಕಾರದ್ದು, ಒಪ್ದೆ. ಹೊನ್ನೆಗೂ ಐತಾ?”

“ಅದು ಹೊಳೆ ಆಚೆ. ಇಲ್ಲಿ ಜಮೀನು ನಿಂದಾದ್ರೂ ಮರ ನಿಂದಲ್ಲ ಕಣೋ. ನಿಂದು ರಿಡೀಮ್ ಆಗದಿರೋ ಜಮೀನು. ಮರದ ಬೆಲೆ ಕಟ್ಟಿ ಬಿಡಿಸ್ಕಂಡಿಲ್ಲ ಅಂದ್ರೆ ಮರ ಸರ್ಕಾರದ್ದೇ. ಕೊಂಡಾಗ ಯಾರೂ ಹೇಳ್ಲಿಲ್ವಾ?”

“ನೀವೂ ಹೇಳ್ಲಿಲ್ಲ.”

“ನೀ ಮರ ಕಡೀತೀಯ ಅಂತ ನಂಗೇನು ಕನಸು ಬಿದ್ದಿತ್ತಾ? ಈಗ್ಲೂ ಕುಯ್ಯೋದು ನಿಲ್ಸು. ಹೋಗಿ ನೀನೇ ಒಪ್ಕೊಂಡ್ರೆ ಹಗುರಾಗ್ತದೆ.”

ಗರಗಸದವರು ಕೆಲಸ ಬಿಟ್ಟು ಈ ಮಾತು ಕೇಳುತ್ತ ನಿಂತಿದ್ದರು. ಅಪ್ಪನ ಕಿವಿ ಕೆಂಪಾದದ್ದು ನನಗೆ ನೆನಪಿದೆ. “ನಮ್ಮನೆಗೊಂದು ಬಚ್ಚಲು ಆಯ್ತದೆ ಅಂದ್ರೆ ನಿಮಗ್ಯಾಕೆ ಇಷ್ಟು ಸಂಕಟ? ನಿಮ್ಮ ಹಂಡೆ ಮುಂದೆ ಕೈಕಟ್ಟಿ ನಿಲ್ಲೋರು ಇಲ್ದಂಗಾಯ್ತಾರೆ ಅಂತಲಾ?” ಎಂದುಬಿಟ್ಟರು. ದೊಡ್ಡಪ್ಪ ದಿಬ್ಬ ಇಳಿದು ಹೋದರು. ಗರಗಸದ ಸದ್ದು ಮತ್ತೆ ಮೊದಲಾಯಿತು.

ಮಂಗಳವಾರ, ಮಾರ್ಚ್ ೨೪ರಂದು ದೊಡ್ಡಪ್ಪ ಕಪ್ಪು ಕೋಟು ತೊಟ್ಟು, ಛತ್ರಿ ಹಿಡಿದು, ಸೋಮವಾರಪೇಟೆಯ ಬಸ್ಸಿಗೆ ಹೋದರು; ಅರಣ್ಯ ಕಚೇರಿ ಇದ್ದದ್ದು ಅಲ್ಲಿ. ಕಂಡವಳು ನಾನು. ಅಪ್ಪನಿಗೆ ಹೇಳಿದವಳೂ ನಾನೇ; ಅದರಲ್ಲಿ ದುರುದ್ದೇಶವೇನೂ ಇರಲಿಲ್ಲ, ಆ ಕೋಟು ಮದುವೆಗಳಿಗೆ ಮಾತ್ರ ಹೊರಬರುತ್ತಿದ್ದುದರಿಂದ ಸೋಜಿಗವೆನಿಸಿ ಹೇಳಿದ್ದೆ. ಗುರುವಾರ, ಮಾರ್ಚ್ ೨೬ರಂದು ಅರಣ್ಯದ ಗಾರ್ಡ್ ಇಬ್ಬರು ಆಳುಗಳೊಂದಿಗೆ ಬಂದ. ಬುಡ ಅಳೆದ, ಕುಯ್ದ ಜಂತಿಗಳನ್ನು ಎಣಿಸಿದ, ಒಂದೊಂದರ ತುದಿಗೂ ಸುತ್ತಿಗೆಯಿಂದ ಸರ್ಕಾರದ ಮುದ್ರೆ ಒತ್ತಿದ. ಮಹಜರು ಬರೆದು ಅಪ್ಪನ ರುಜು ಪಡೆದ. ಆ ಹೊತ್ತಿಗೆ ಬಚ್ಚಲುಮನೆಯ ಗೋಡೆಗಳು ಎದೆಮಟ್ಟ ಎದ್ದಿದ್ದವು.

ಗಾರ್ಡ್ ಹೋದ ಮೇಲೆ ಅಪ್ಪ ಅಂಗಳದಲ್ಲಿ ನಿಂತು, ಆಚೆಮನೆಗೆ ಮಾತ್ರವಲ್ಲ ದಾರಿಯಲ್ಲಿ ಹೋಗುವವರಿಗೂ ಕೇಳಿಸುವಂತೆ, ಹೇಳಬಾರದ್ದನ್ನೆಲ್ಲ ಹೇಳಿದರು. ನಂಬಿಸಿ ಕತ್ತು ಕುಯ್ದವರೆಂದರು. ಬಸುರಿ ಹೆಣ್ಣಿನ ಶಾಪ ತಟ್ಟುತ್ತದೆಂದರು. ಒಳಗೆ ಬಂದು ಅವ್ವನಿಗೆ, “ಇನ್ನು ಆ ಮನೆ ಹೊಸ್ತಿಲು ತುಳಿದ್ರೆ ಈ ಮನೆ ಹೊಸ್ತಿಲು ತುಳೀಬ್ಯಾಡ” ಎಂದರು.

“ಅವರೇ ಹೇಳಿದ್ರು ಅಂತ ಯಾರು ಕಂಡ್ರು?”

“ಸೋಮವಾರಪೇಟೆಗೆ ಕೋಟು ಹಾಕ್ಕಂಡು ಕಳ್ಳೆಪುರಿ ತರಾಕೆ ಹೋಗಿದ್ನಾ?”

ಅವ್ವ ಒಲೆಯ ಮುಂದೆ ಹೋಗಿ ಕುಳಿತಳು.

ಎರಡು ದಿನ ಕಳೆದು ಶನಿವಾರ ಬಂತು. ನಾನು ನಿರೀಕ್ಷಿಸಿರಲಿಲ್ಲ; ದೊಡ್ಡವ್ವ ಎಂದಿನ ಹೊತ್ತಿಗೆ ಬೇಲಿಯ ಬಳಿ ಬಂದು ನಿಂತರು. ಕೂಗಲಿಲ್ಲ, ಸುಮ್ಮನೆ ನಿಂತರು. ಅಪ್ಪ ಜಗಲಿಯಲ್ಲಿ ಕುಳಿತಿದ್ದರು. ಅವ್ವ ಅಡುಗೆಮನೆಯ ಬಾಗಿಲ ಮರೆಯಿಂದ ನನಗೆ ಕೈಸನ್ನೆ ಮಾಡಿದಳು. ನಾನು ಬೇಲಿಯವರೆಗೆ ಹೋಗಿ, “ಅವ್ವ ಇಲ್ಲ” ಎಂದೆ.

“ಇಲ್ವಾ? ಅವಳ ಕೆಮ್ಮು ಕೇಳ್ತಲ್ಲ, ಮಗ.”

ನಾನು ಏನೆಂದೆನೋ ನೆನಪಿಲ್ಲ. “ಹೋಗ್ಲಿ ಬಿಡು. ನೀರು ಕಾದೈತೆ ಅಂತ ಹೇಳು, ಸಾಕು” ಎಂದು ದೊಡ್ಡವ್ವ ತಿರುಗಿ ಹೋದರು. ಮುಂದಿನ ಶನಿವಾರವೂ ಬಂದರು. ಅದರ ಮುಂದಿನ ಶನಿವಾರ ಬರಲಿಲ್ಲ.

ಮರದ ಬೆಲೆಯನ್ನೂ ಅದರ ಮೇಲಿನ ದಂಡವನ್ನೂ ಕಟ್ಟಿದರೆ ಜಂತಿಗಳನ್ನು ಬಿಟ್ಟುಕೊಡುವುದೆಂದು ಕಚೇರಿಯಿಂದ ತಿಳಿದುಬಂತು. ಹಣಕ್ಕಾಗಿ ಅಪ್ಪ ಹಾಲು ಕೊಡುತ್ತಿದ್ದ ಎಮ್ಮೆಯನ್ನು ಮಾರಿದರು. ಅಂದಾಜುಪಟ್ಟಿಯ ಉಳಿದೆಲ್ಲ ಬಾಬುಗಳನ್ನು ಕೂಡಿದರೂ ‘ನಮ್ಮದೇ’ ಎಂದು ಬರೆದಿದ್ದ ಮರದ ಬಾಬಿಗೆ ಸಮನಾಗಲಿಲ್ಲವೆಂದು ಅವರು ಮುಂದೆ ಎಷ್ಟೋ ಸಲ ಹೇಳುತ್ತಿದ್ದರು. ಮೇ ತಿಂಗಳ ಕೊನೆಯಲ್ಲಿ ಜಂತಿ ಏರಿತು, ಹೆಂಚು ಹೊದೆಸಿದರು. ಜೂನ್ ೧೯, ಶುಕ್ರವಾರ, ಅಕ್ಕನಿಗೆ ಗಂಡು ಮಗುವಾಯಿತು (ಆಧಾರ: ಮಗುವಿನ ಜಾತಕ). ಹೊಸ ಬಚ್ಚಲಿನಲ್ಲಿ ಬಾಣಂತಿಗೆ ನೀರಿಗೆ ಕೊರತೆಯಾಗಲಿಲ್ಲ. ಹಾಲನ್ನು ಮಾತ್ರ ಎರಡು ಮೈಲಿಯಾಚೆಯ ಮನೆಯಿಂದ ಕೊಂಡು ತರಬೇಕಾಯಿತು. ಮೊದಲಾಗಿದ್ದರೆ ಆಚೆಮನೆಯಿಂದ ಬರುತ್ತಿತ್ತು.

ನೀರು ಎರೆಯುವಾಗ ಅಕ್ಕ ತಲೆ ಎತ್ತಿದರೆ ಜಂತಿಯ ತುದಿಯಲ್ಲಿ ಸರ್ಕಾರದ ಮುದ್ರೆ ಕಾಣುತ್ತಿತ್ತು. “ನಮ್ಮಪ್ಪ ನನ್ನ ಸ್ನಾನಕ್ಕೂ ಸರ್ಕಾರದ ಅಪ್ಪಣೆ ತಂದವ್ನೆ” ಎಂದು ಅವಳು ನಗುತ್ತಿದ್ದಳು. ಅವ್ವ ನಗುತ್ತಿರಲಿಲ್ಲ. ಅವಳು ಆ ಬಚ್ಚಲಿಗೆ ಹೋದವಳು ನಾಲ್ಕು ತಂಬಿಗೆ ನೀರು ಸುರಿದುಕೊಂಡು ಬಂದುಬಿಡುತ್ತಿದ್ದಳು. ಶನಿವಾರದ ಎಣ್ಣೆನೀರು ನಿಂತುಹೋಯಿತು. ನಮಗೆ ಎರೆಯುತ್ತಿದ್ದಳು, ತಾನು ಹಾಕಿಕೊಳ್ಳುತ್ತಿರಲಿಲ್ಲ. ಅವಳ ಕೂದಲು ಆ ವರ್ಷದಿಂದ ಒಣಗಿ ಜಡೆಗಟ್ಟತೊಡಗಿತು. ಒಮ್ಮೆ ನಾನು ಹಟ ಹಿಡಿದು ಅವಳ ತಲೆಗೆ ಎಣ್ಣೆ ತಟ್ಟಿದೆ. ಕಣ್ಣು ಮುಚ್ಚಿ ಕುಳಿತಿದ್ದವಳು ಸ್ವಲ್ಪ ಹೊತ್ತಿನ ಮೇಲೆ, “ನಿಂಗೆ ಹೂಂಗುಟ್ಟಕೆ ಬರಲ್ಲ ಕಣೇ” ಎಂದಳು.

೧೯೫೬ರ ಬೇಸಿಗೆಯಲ್ಲಿ, ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದಾಗಲೇ, ಆಚೆಮನೆಯವರಲ್ಲಿ ಅಣ್ಣತಮ್ಮಂದಿರ ಪಾಲಾಯಿತು. ದೊಡ್ಡಪ್ಪನ ಪಾಲು ಬೇರೆ ಊರಿನಲ್ಲಿ ಬಂತು. ಸಾಮಾನು ಹೇರಿದ ಗಾಡಿಗಳು ನಮ್ಮ ಮನೆಯ ಮುಂದೆಯೇ ಹಾದುಹೋಗಬೇಕಿತ್ತು. ಎರಡನೆಯ ಗಾಡಿಯಲ್ಲಿ ಆ ತಾಮ್ರದ ಹಂಡೆಯನ್ನು ಬೋರಲು ಹಾಕಿದ್ದರು. ಅದರ ಪಕ್ಕದಲ್ಲಿ ದೊಡ್ಡವ್ವ ಕುಳಿತಿದ್ದರು. ಅವ್ವ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಅಪ್ಪ ಆಗ ಗದ್ದೆಯಲ್ಲಿದ್ದರು. ಅವಳು ಹೊರಗೆ ಹೋಗಿದ್ದರೆ ತಡೆಯುವವರಿರಲಿಲ್ಲ. ಹೋಗಲಿಲ್ಲ. “ಯಾವ ಮುಖ ಇಟ್ಕಂಡು ಹೋಗ್ಲಿ? ಅವರು ತಪ್ಪು ಮಾಡಿದ್ರೂ ನಾನು ಹೋಗ್ಬಹುದಿತ್ತು. ಮಾಡ್ದೇ ಇದ್ರೆ ಹೆಂಗೆ ಹೋಗ್ಲಿ?” ಎಂದಳು.

ಆಮೇಲೆ ಅವಳು ಇಪ್ಪತ್ತೆಂಟು ವರ್ಷ ಬದುಕಿದ್ದಳು. ನಾನು ರಜೆಗೆ ಊರಿಗೆ ಹೋದಾಗಲೆಲ್ಲ ಯಾವುದೋ ಮಾತಿನ ನಡುವೆ ಅಪ್ಪನನ್ನು ಅದೇ ಪ್ರಶ್ನೆ ಕೇಳುತ್ತಿದ್ದಳು: ಅವರೇ ಹೇಳಿದ್ದು ಅಂತ ಯಾರು ಕಂಡ್ರು? ಜಗಳದ ದನಿಯಲ್ಲಿ ಅಲ್ಲ, ಕೇಳಿ ತಿಳಿದುಕೊಳ್ಳಬೇಕೆನ್ನುವವಳ ದನಿಯಲ್ಲಿ. ಅಪ್ಪ ಎದ್ದು ಹೋಗುತ್ತಿದ್ದರು. ಹಳೆಯ ಅವಮಾನ ಅವರಿಗೆ ಇನ್ನೂ ಆರಿಲ್ಲವೆಂದು ನಾನು ಭಾವಿಸಿದ್ದೆ. ಕೊನೆಯ ವರ್ಷಗಳಲ್ಲಿ ನಾನೇ ಅವ್ವನನ್ನು ಗದರಿದ್ದೂ ಉಂಟು: “ಕೋಟು ಹಾಕಿಕೊಂಡು ಹೋದದ್ದನ್ನು ನಾನೇ ಕಂಡಿದ್ದೆನಲ್ಲ, ಇನ್ನೇನು ಸಾಕ್ಷಿ ಬೇಕು?”

ನಿವೃತ್ತಿಯಾದ ಮೇಲೆ ಜಮೀನಿನ ಕಂದಾಯಕ್ಕೆ ಸಂಬಂಧಿಸಿದ ಬೇರೊಂದು ವಿಷಯ ಹುಡುಕುತ್ತಿದ್ದಾಗ ಹಳೆಯ ಅರಣ್ಯ ಕಡತಗಳ ಒಂದು ಕಟ್ಟು ನನ್ನ ಕೈಗೆ ಬಂತು. ಅದರಲ್ಲಿ ಅಪ್ಪನ ಹೆಸರಿನ ಕಡತವಿತ್ತು. ಮೊದಲ ಹಾಳೆ ಗಾರ್ಡ್ ಬರೆದ ವರದಿ: ತಾನು ಗಸ್ತಿನಲ್ಲಿದ್ದಾಗ ಹೊಸದಾಗಿ ಕಡಿದ ಹೊನ್ನೆಯ ಬುಡ ಕಂಡುಬಂದಿತೆಂದು. ತಾರೀಖು ಮಾರ್ಚ್ ೨೩, ಸೋಮವಾರ. ದೊಡ್ಡಪ್ಪ ಬಸ್ಸು ಹತ್ತುವ ಹಿಂದಿನ ದಿನ. ವರದಿಯನ್ನು ಅನಂತರ ಬರೆದು ಹಿಂದಿನ ತಾರೀಖು ಹಾಕಿರಬಹುದೇ ಎಂದು ಯೋಚಿಸಿದೆ. ಹಾಗಲ್ಲ, ಕಚೇರಿಗೆ ಬಂದ ಮೊಹರಿನಲ್ಲಿಯೂ ಅದೇ ತಾರೀಖಿದೆ. ಎರಡನೆಯ ಹಾಳೆ ಮಾರ್ಚ್ ೨೪ರ ಅರ್ಜಿ, ದೊಡ್ಡಪ್ಪನ ಕೈಬರಹ. ನೆರೆಮನೆಯವರು ಮೈಸೂರು ರಾಜ್ಯದಿಂದ ಹೊಸದಾಗಿ ಬಂದವರು, ಇಲ್ಲಿನ ಕಾಯಿದೆ ಅರಿಯದವರು. ಬಸುರಿ ಮಗಳ ಬಾಣಂತನಕ್ಕಾಗಿ ಬಚ್ಚಲುಮನೆ ಕಟ್ಟಲು ಮರ ಕಡಿದಿದ್ದಾರೆ. ಮೊಕದ್ದಮೆ ಹೂಡದೆ ಬೆಲೆ ಕಟ್ಟಿಸಿಕೊಂಡು ಬಿಡಬೇಕು. ಆ ಹಣಕ್ಕೆ ತಾನು ಜಾಮೀನು.

ಅಪ್ಪನಿಗೆ ಇದು ತಿಳಿಯದೆ ಹೋಯಿತೆಂದು ಬರೆದು ಮುಗಿಸಬಹುದೆಂದುಕೊಂಡಿದ್ದೆ. ಆದರೆ ಕಡತದಲ್ಲಿ ಮೂರನೆಯ ಹಾಳೆಯೂ ಇದೆ: ಜಂತಿಗಳನ್ನು ಬಿಟ್ಟುಕೊಟ್ಟ ಆದೇಶ, ೧೯೫೩ರ ಮೇ ೧೮, ಸೋಮವಾರ. ‘ಜಾಮೀನುದಾರರ ಸಮಕ್ಷಮ ಓದಿ ತಿಳಿಸಲಾಯಿತು’ ಎಂಬ ಸಾಲಿನ ಕೆಳಗೆ ಎರಡು ರುಜುಗಳಿವೆ. ಮಾರ್ಚ್ ೨೬ರ ನಂತರ ಅವರಿಬ್ಬರೂ ಮತ್ತೆ ಎದುರುಬದುರು ನಿಲ್ಲಲಿಲ್ಲವೆಂಬುದು ನನ್ನ ನೆನಪು. ನಮ್ಮ ಮನೆಯಲ್ಲಿ ಎಲ್ಲರ ನೆನಪೂ ಅದೇ. ಆ ಹಾಳೆಯಲ್ಲಿ ಮೇಲಿನ ರುಜು ದೊಡ್ಡಪ್ಪನದು, ಅದಕ್ಕೆ ತಾಗಿದಂತೆ ಕೆಳಗಿರುವುದು ಅಪ್ಪನದು.